ತರುಣರಿಗಾಗಿ ಸಂಗೀತಪತ್ರಿಕೆ: ಒಂದು ರೂಪವಿಮರ್ಶೆ

೧

ಪತ್ರಿಕೆಯೊಂದರ ಗುಣದೋಷಗಳನ್ನು ವಿವೇಚಿಸತಕ್ಕವರು ಸಾಮಾನ್ಯವಾಗಿ ಅದರಲ್ಲಿ ಅಚ್ಚಾದ ಬರಹಗಳನ್ನು ಮಾತ್ರ ತೂಗಿ ನೋಡುವರು. ಅಕ್ಷರದ ಗಾತ್ರ, ಅಂಕಣದ ಅಗಲ, ಚಿತ್ರದ ಸ್ಥಾನ ಮೊದಲಾದುವನ್ನು ಮುದ್ರಣಾಲಯದವರ ಕೆಲಸವೆಂದು ಬಿಟ್ಟುಬಿಡುವರು. ಪ್ರೌಢವಾಚಕರ ಪತ್ರಿಕೆಗಳ ವಿಷಯದಲ್ಲಿ ಈ ವಿಭಾಗವು ಒಂದು ಮಟ್ಟಿಗೆ ಸಲ್ಲಬಹುದು. ತರುಣರಿಗಾಗಿ ಹೊರಡತಕ್ಕ ಪತ್ರಿಕೆಯಲ್ಲಿ, ಅದರಲ್ಲಿಯೂ ಜನಪ್ರಿಯ ಸಂಗೀತವನ್ನೇ ವಸ್ತುವಾಗಿ ಉಳ್ಳ ಪತ್ರಿಕೆಯಲ್ಲಿ, ಅದು ಸಲ್ಲದು. ಅಲ್ಲಿ ವಾಚಕನು ಮೊದಲು ಪುಟವನ್ನು ನೋಡುತ್ತಾನೆ, ಬಳಿಕ ಓದುತ್ತಾನೆ. ನೋಟವು ಹಿಡಿಸದಿದ್ದರೆ ಓದು ಹುಟ್ಟುವುದೇ ಇಲ್ಲ. ಆದಕಾರಣ ರೂಪವೂ ವಿಮರ್ಶೆಗೆ ಯೋಗ್ಯವಾದ ವಿಷಯವೇ ಆಗಿದೆ.

ಈ ವಿಷಯಕ್ಕೆ ಕನ್ನಡದಲ್ಲಿ ವಿಶೇಷವಾದ ಮಹತ್ವವುಂಟು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಂತಹ ಹಳೆಯ ಬಡಾವಣೆಗಳಲ್ಲಿ ಮನೆಯ ಮಾತು ಕನ್ನಡವಾಗಿದ್ದು ಶಾಲೆಯ ಮಾತು ಇಂಗ್ಲಿಷಾಗಿರುವ ಮಕ್ಕಳು ಅನೇಕರಿದ್ದಾರೆ. ಅವರಲ್ಲಿ ಎಷ್ಟೋ ಜನರು ಕನ್ನಡವನ್ನು ಸೊಗಸಾಗಿ ಆಡಬಲ್ಲರು, ಅದಕ್ಕಿಂತಲೂ ಸೊಗಸಾಗಿ ಹಾಡಬಲ್ಲರು. ಆದರೆ ಅಚ್ಚಾದ ಕನ್ನಡದ ಪುಟವನ್ನು ಕಂಡರೆ ಹಿಂಜರಿಯುವರು. ಹಾಡಿನ ಸಾಹಿತ್ಯ ಬೇಕಾದಾಗ ಅದನ್ನು ರೋಮನ್ ಲಿಪಿಯಲ್ಲಿ ಹುಡುಕಿಕೊಳ್ಳುವರು. ಹೀಗಿರಲು, ಇಂತಹ ತರುಣನು ಒತ್ತಾಯವಿಲ್ಲದೆ ತಾನಾಗಿಯೇ ಬಯಸತಕ್ಕ ಕನ್ನಡದ ಪಾಠವು ಯಾವುದಾದರೂ ಉಳಿದಿದ್ದರೆ ಅದು ಹಾಡಿನ ಪಾಠವೇ ಸರಿ. ಆ ಬಯಕೆಗೆ ಕನ್ನಡ ಲಿಪಿಯಲ್ಲಿ ಉತ್ತರ ಕೊಡಬಲ್ಲ ಪತ್ರಿಕೆಯು ಕೇವಲ ವಿನೋದದ ಸಾಮಗ್ರಿಯಾಗಿರದೆ ಲಿಪಿಗೂ ತರುಣನಿಗೂ ನಡುವೆ ಕಟ್ಟಿದ ಸೇತುವೆಯಾಗುವುದು. ಅದನ್ನು ಹೇಗೆ ಕಟ್ಟಬೇಕೆಂಬುದೇ ಇಲ್ಲಿಯ ಪ್ರಶ್ನೆ.

೨

ಪಾಶ್ಚಾತ್ಯ ದೇಶಗಳಲ್ಲಿ ಈ ಜಾತಿಯ ಪತ್ರಿಕೆಗಳಿಗೆ ದೀರ್ಘವಾದ ಚರಿತ್ರೆಯಿದೆ. ಇಂಗ್ಲೆಂಡಿನಲ್ಲಿ ೧೯೨೬ರಲ್ಲಿ ಹುಟ್ಟಿದ 'ಮೆಲೊಡಿ ಮೇಕರ್' ಪತ್ರಿಕೆಯು ಮೊದಲು ವಾದ್ಯಗಾರರನ್ನು ಉದ್ದೇಶಿಸಿದ್ದಿತು. ೧೯೫೨ರ ನವೆಂಬರಿನಲ್ಲಿ 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಪತ್ರಿಕೆಯು ಧ್ವನಿಮುದ್ರಿಕೆಗಳ ಅಂಗಡಿಗಳಿಗೆ ದೂರವಾಣಿ ಮಾಡಿ ವಿಚಾರಿಸಿ, ಹೆಚ್ಚು ಮಾರಾಟವಾದ ಹಾಡುಗಳ ಪಟ್ಟಿಯನ್ನು ಪ್ರಕಟಿಸಿತು. ಅಲ್ಲಿಂದ ಮುಂದೆ ಕೊಳ್ಳುವವನೇ ಪತ್ರಿಕೆಯ ಕೇಂದ್ರವಾದನು. ೧೯೬೭ರಲ್ಲಿ ಸಾನ್‌ಫ್ರಾನ್ಸಿಸ್ಕೋ ನಗರದಿಂದ ಹೊರಟ 'ರೋಲಿಂಗ್ ಸ್ಟೋನ್' ಜನಪ್ರಿಯ ಸಂಗೀತದ ಮೂಲಕ ಕಾಲದ ರಾಜಕೀಯವನ್ನೂ ನಡೆನುಡಿಯನ್ನೂ ವಿವೇಚಿಸಬಹುದೆಂದು ತೋರಿಸಿಕೊಟ್ಟಿತು. ಅದೇ ವರ್ಷ ಕಲ್ಕತ್ತೆಯಲ್ಲಿ ಡೆಸ್ಮಂಡ್ ಡಾಯ್ಗ್ ಅವರ ಸಂಪಾದಕತ್ವದಲ್ಲಿ 'ಜೂನಿಯರ್ ಸ್ಟೇಟ್ಸ್‌ಮನ್' ಪ್ರಾರಂಭವಾಗಿ ೧೯೭೭ರವರೆಗೆ ನಡೆಯಿತು; ಭಾರತದ ನಗರಗಳ ಇಂಗ್ಲಿಷ್ ಬಲ್ಲ ತರುಣರಿಗೆ ಬಣ್ಣ, ಉಡುಗೆ, ಹಾಡು ಇವುಗಳನ್ನೆಲ್ಲ ಒಂದೇ ಹೊದಿಕೆಯೊಳಗೆ ಒದಗಿಸಿದ ಪತ್ರಿಕೆಯದು.

ಇವೆಲ್ಲಕ್ಕಿಂತ ಪ್ರಕೃತ ವಿಷಯಕ್ಕೆ ಹತ್ತಿರವಾದುದು ೧೯೭೮ರಲ್ಲಿ ನಿಕ್ ಲೋಗನ್ ಅವರು ಪ್ರಾರಂಭಿಸಿದ 'ಸ್ಮ್ಯಾಷ್ ಹಿಟ್ಸ್'. ಅದರ ಮುಖ್ಯ ಆಕರ್ಷಣೆ ಬಹಳ ಸರಳವಾದುದು: ಆ ಹೊತ್ತಿಗೆ ಎಲ್ಲರ ಬಾಯಲ್ಲಿದ್ದ ಹಾಡುಗಳ ಸಾಹಿತ್ಯವನ್ನು ಪೂರ್ಣವಾಗಿ, ಬಣ್ಣದ ಚಿತ್ರಗಳೊಡನೆ ಅಚ್ಚುಮಾಡುವುದು. ಅದರೊಡನೆ ಗಾಯಕರನ್ನು ದೇವರೆಂದು ಕೊಂಡಾಡದೆ ನಗೆಯಾಡುತ್ತ ಮಾತನಾಡಿಸುವ ಒಂದು ಧಾಟಿಯನ್ನು ಅದು ಬೆಳಸಿಕೊಂಡಿತು. ಮುಂದೆ ಗಾಯಕರಾಗಿ ಪ್ರಸಿದ್ಧರಾದ ನೀಲ್ ಟೆನೆಂಟ್ ಅವರು ಕೆಲವು ಕಾಲ ಅಲ್ಲಿಯೇ ಬರಹಗಾರರಾಗಿದ್ದರು. ಹಾಡನ್ನು ಕೈಯಲ್ಲಿ ಹಿಡಿದು ಓದಬೇಕೆಂಬ ತರುಣನ ಆಸೆಯನ್ನು ಅರಿತದ್ದೇ ಆ ಪತ್ರಿಕೆಯ ಏಳಿಗೆಗೆ ಮೂಲವಾಯಿತೆಂದು ಹೇಳಬಹುದು.

ಈ ಆಸೆಯನ್ನು ಕನ್ನಡಿಗರು ಇಂಗ್ಲೆಂಡಿನಿಂದ ಕಲಿಯಬೇಕಾದುದೇನೂ ಇರಲಿಲ್ಲ. ೧೯೩೪ರಲ್ಲಿ ಮೊದಲ ಕನ್ನಡ ವಾಕ್ಚಿತ್ರವಾದ 'ಸತಿ ಸುಲೋಚನ' ಬೆಂಗಳೂರಿನಲ್ಲಿ ತೆರೆಕಂಡಿತು. ವಾಕ್ಚಿತ್ರಗಳೊಡನೆ ಅವುಗಳ ಹಾಡಿನ ಪುಸ್ತಕಗಳೂ ಬಂದುವು. ಚಿತ್ರಮಂದಿರದ ಬಾಗಿಲಲ್ಲಿ ಅಲ್ಪ ಬೆಲೆಗೆ ದೊರೆಯುತ್ತಿದ್ದ, ಅಗ್ಗದ ಕಾಗದದ ಆ ಕಿರುಹೊತ್ತಗೆಯಲ್ಲಿ ಪಾತ್ರವರ್ಗ, ಕಥಾಸಾರಾಂಶ, ಅನಂತರ ಹಾಡುಗಳು. ಕಥೆಯ ಕೊನೆಯನ್ನು ಹೇಳದೆ 'ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ' ಎಂಬ ರೀತಿಯಲ್ಲಿ ನಿಲ್ಲಿಸುವುದು ವಾಡಿಕೆಯಾಗಿದ್ದಿತು. ಇದನ್ನು ಯಾವ ಗ್ರಂಥಭಂಡಾರವೂ ಆದರದಿಂದ ಸಂಗ್ರಹಿಸಲಿಲ್ಲ. ಯಾವ ವಿಮರ್ಶಕನೂ ಇದರ ಕಡೆಗೆ ಕಣ್ಣೆತ್ತಿ ನೋಡಲಿಲ್ಲ. ಆದರೂ ತರುಣರು ಸ್ವಂತ ಹಣ ಕೊಟ್ಟು ಕೊಂಡು, ಮಡಿಸಿ ಜೇಬಿನಲ್ಲಿಟ್ಟು, ಬಾಯಿಪಾಠವಾಗುವವರೆಗೆ ಓದಿದ ಕನ್ನಡ ಮುದ್ರಣಗಳಲ್ಲಿ ಇದಕ್ಕೆ ಮೊದಲ ಪಂಕ್ತಿಯಲ್ಲಿ ಸ್ಥಾನವುಂಟು. ಕನ್ನಡದ ತರುಣ ಸಂಗೀತಪತ್ರಿಕೆಗೆ ವಂಶಾವಳಿಯನ್ನು ಬರೆಯುವುದಾದರೆ ಈ ಹಾಡಿನ ಪುಸ್ತಕವನ್ನೇ ಮೂಲಪುರುಷನ ಸ್ಥಾನದಲ್ಲಿರಿಸಬೇಕು.

೩

ಹಾಗಾದರೆ ಈ ಬೀಜವು ಪತ್ರಿಕೆಯಾಗಿ ಏಕೆ ಬೆಳೆಯಲಿಲ್ಲವೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ತರುಣರಿಗಾಗಿ, ತರುಣರಿಂದ ಪತ್ರಿಕೆಗಳನ್ನು ನಡೆಸುವ ಶಕ್ತಿ ಬೆಂಗಳೂರಿನಲ್ಲಿ ಇರಲಿಲ್ಲವೆಂದು ಹೇಳಲಾಗದು. ೧೯೧೯ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘವು ಎ. ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ 'ಪ್ರಬುದ್ಧ ಕರ್ಣಾಟಕ'ವನ್ನು ಹೊರಡಿಸಿತು. ವಿದ್ಯಾರ್ಥಿಗಳ ಬರಹಗಳಿಗೆ ಅದರಲ್ಲಿ ಆಶ್ರಯ ದೊರೆಯಿತು. ೧೯೪೨ರಲ್ಲಿ ರಾ. ಶಿ. ಎಂದು ಪ್ರಸಿದ್ಧರಾದ ಡಾಕ್ಟರ್ ಎಂ. ಶಿವರಾಂ ಅವರು 'ಕೊರವಂಜಿ'ಯನ್ನು ಪ್ರಾರಂಭಿಸಿದರು. ಆಗ ಇನ್ನೂ ತರುಣರಾಗಿದ್ದ ಆರ್. ಕೆ. ಲಕ್ಷ್ಮಣ್ ಅವರ ರೇಖೆಗಳು ಅದಕ್ಕೆ ಮುಖಕಾಂತಿಯನ್ನು ಕೊಟ್ಟುವು. ನಗೆಯೂ ಚಿತ್ರವೂ ಅಕ್ಷರವೂ ಒಂದೇ ಮನೋಧರ್ಮದಿಂದ ಹೊರಟರೆ ಸಣ್ಣ ಪತ್ರಿಕೆಗೂ ಸ್ಪಷ್ಟವಾದ ಮುಖವಿರುವುದೆಂಬುದಕ್ಕೆ ೧೯೬೭ರವರೆಗೆ ನಡೆದ ಆ ಪತ್ರಿಕೆಯೇ ಸಾಕ್ಷಿ.

ಆದರೆ ಸಂಗೀತದ ವಿಷಯದಲ್ಲಿ ದಾರಿ ಎರಡಾಗಿ ಒಡೆಯಿತು. ಒಂದು ಕಡೆ, ಗಾಯನಸಮಾಜದ ಕಚೇರಿಗಳೂ, ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ೧೯೩೯ರಿಂದ ಪ್ರಸಿದ್ಧವಾದ ರಾಮೋತ್ಸವದ ಸಂಗೀತವೂ ಶಾಸ್ತ್ರೀಯ ವಿಮರ್ಶೆಯ ಭಾಷೆಯೊಂದನ್ನು ಬೆಳಸಿದುವು. ಮತ್ತೊಂದು ಕಡೆ, ಚಿತ್ರಗೀತೆಯು ಚಲಚ್ಚಿತ್ರಪತ್ರಿಕೆಗಳ ಪಾಲಾಯಿತು. ಅಲ್ಲಿ ನಟನಟಿಯರ ಮುಖವೇ ಮುಖಪುಟ. ಹಾಡು ಬರೆದವನೂ ರಾಗ ಹಾಕಿದವನೂ ಒಳಪುಟದ ಮೂಲೆಯಲ್ಲಿ ನಿಲ್ಲಬೇಕಾಯಿತು. ಶಾಸ್ತ್ರೀಯ ವಿಮರ್ಶೆಗೆ ಚಿತ್ರಗೀತೆ ಕೀಳಾಗಿ ಕಂಡಿತು. ಚಲಚ್ಚಿತ್ರಪತ್ರಿಕೆಗೆ ವಿಮರ್ಶೆ ಭಾರವಾಗಿ ಕಂಡಿತು. ಇವೆರಡರ ನಡುವಣ ಬಯಲಿನಲ್ಲಿ ತರುಣ ಕೇಳುಗನು ಮಾರ್ಗದರ್ಶನವಿಲ್ಲದೆ ಉಳಿದನು.

ಅದೇ ಬಯಲಿನಲ್ಲಿಯೇ ಕನ್ನಡದ ಅತ್ಯಂತ ಸಮೃದ್ಧವಾದ ಜನಪ್ರಿಯ ಸಂಗೀತ ಬೆಳೆಯಿತೆಂಬುದು ಗಮನಾರ್ಹ. ಪಿ. ಕಾಳಿಂಗರಾಯರು ನವೋದಯದ ಕವಿತೆಗಳನ್ನು ಸಭೆಯಿಂದ ಸಭೆಗೆ ಕೊಂಡೊಯ್ದರು. ೧೯೭೮ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ 'ನಿತ್ಯೋತ್ಸವ' ಧ್ವನಿಸುರುಳಿಯು ಹೊರಬಂದು, ಭಾವಗೀತೆಯು ಮನೆಮನೆಯ ಯಂತ್ರವನ್ನು ಹೊಕ್ಕಿತು. ೧೯೮೭ರಲ್ಲಿ 'ಪ್ರೇಮಲೋಕ' ಚಿತ್ರಕ್ಕೆ ಹಂಸಲೇಖ ಅವರು ಬರೆದು ಸಂಗೀತ ನೀಡಿದ ಹಾಡುಗಳು ಕಾಲೇಜಿನ ಹುಡುಗಹುಡುಗಿಯರ ಆಡುಮಾತನ್ನೇ ಗೀತೆಯ ಧಾಟಿಗೆ ತಂದುವು. ೨೦೦೫ರಲ್ಲಿ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಅವರು ನಡೆಸಿದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಕನ್ನಡ ಕವಿತೆಯನ್ನು ಕೇಳಲೆಂದು ಜನಸಾಗರವೇ ನೆರೆಯಿತು. ೨೦೦೬ರ ಕೊನೆಯಲ್ಲಿ ಬಂದ 'ಮುಂಗಾರು ಮಳೆ'ಯ ಹಾಡುಗಳಲ್ಲಿ ಜಯಂತ ಕಾಯ್ಕಿಣಿಯವರಂತಹ ಕಥೆಗಾರರ ಪದಪ್ರಯೋಗವು ತರುಣರ ನಾಲಗೆಯ ಮೇಲೆ ಕುಣಿಯಿತು. ೨೦೦೮ರ ತಮ್ಮ ಮೊದಲ ಸಂಕಲನದಿಂದ ಪ್ರಸಿದ್ಧರಾದ ರಘು ದೀಕ್ಷಿತರು ಹತ್ತೊಂಬತ್ತನೆಯ ಶತಮಾನದ ಶಿಶುನಾಳ ಶರೀಫರ ಪದಗಳನ್ನು ಗಿಟಾರಿನ ಮೇಳದೊಡನೆ ಹಾಡಿದರು. ಇಷ್ಟು ಸಂಪತ್ತಿರುವಾಗ ಅದಕ್ಕೆ ತಕ್ಕ ಪತ್ರಿಕೆಯ ಕೊರತೆಯು ಅಂಗೈ ಹುಣ್ಣಿನಂತೆ ಕಾಣುತ್ತದೆ. ನೋಡಲು ಕನ್ನಡಿ ಬೇಕಿಲ್ಲ.

೪

ಇಂಗ್ಲೆಂಡಿನ ಶಾಲೆಗಳ ಮಾಧ್ಯಮಾಧ್ಯಯನದಲ್ಲಿ, ಹೊಸ ಸಂಗೀತಪತ್ರಿಕೆಯೊಂದರ ಮುಖಪುಟ, ವಿಷಯಸೂಚಿ, ಎದುರುಬದುರಾದ ಜೋಡಿಪುಟ ಇವುಗಳನ್ನು ರಚಿಸುವುದು ವಿದ್ಯಾರ್ಥಿಗಳಿಗೆ ಅಭ್ಯಾಸವಾಗಿ ಹಲವು ವರ್ಷ ನಡೆದುಬಂದಿತು. ಈ ಮೂರು ಅಂಗಗಳನ್ನು ಹಿಡಿದು ಕನ್ನಡದ ಸಂದರ್ಭವನ್ನು ಪರೀಕ್ಷಿಸುವುದು ಅನುಕೂಲ.

ಮೊದಲನೆಯದು ಮುಖಪುಟ. ಪಾಶ್ಚಾತ್ಯ ಮಾದರಿಯಲ್ಲಿ ದೊಡ್ಡದೊಂದು ಮುಖ, ಅದರ ತಲೆಯ ಮೇಲೆ ಪತ್ರಿಕೆಯ ಹೆಸರು, ಎಡಬಲಗಳಲ್ಲಿ ಕಿರುಶೀರ್ಷಿಕೆಗಳ ಸಾಲು. ಇದನ್ನು ಕನ್ನಡಕ್ಕೆ ಹಾಗೆಯೇ ತಂದರೆ ಕೂಡಲೇ ತೊಡಕುಗಳು ಏಳುತ್ತವೆ. ಕನ್ನಡದ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳೆಂಬ ಭೇದವಿಲ್ಲ. ಆದುದರಿಂದ ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳಿಂದ ಸಾಧಿಸುವ ಒತ್ತನ್ನು ಇಲ್ಲಿ ಅಕ್ಷರದ ದಪ್ಪ, ಗಾತ್ರ, ಬಣ್ಣಗಳಿಂದಲೇ ಸಾಧಿಸಬೇಕು. ಅಕ್ಷರವನ್ನು ಬಲಕ್ಕೆ ವಾಲಿಸುವ ಕ್ರಮವು ಲ್ಯಾಟಿನ್ ಲಿಪಿಯಲ್ಲಿ ಪರಂಪರೆಯಿಂದ ಬಂದುದು. ಗುಂಡಗಿನ ಕನ್ನಡದ ಅಕ್ಷರವನ್ನು ಹಾಗೆ ಯಂತ್ರದಿಂದ ವಾಲಿಸಿದರೆ ಅದು ಬೀಳುತ್ತಿರುವ ಗಾಲಿಯಂತೆ ತೋರುತ್ತದೆ. ಇದಲ್ಲದೆ ಪ ಫ, ದ ಧ, ಡ ಢ, ಬ ಭ ಇವುಗಳೊಳಗಿನ ವ್ಯತ್ಯಾಸವು ಕೆಳಗಿನ ಒಂದು ಸಣ್ಣ ಸೀಳಿನಲ್ಲಿ ಅಡಗಿದೆ. ಬಣ್ಣಬಣ್ಣದ ಛಾಯಾಚಿತ್ರದ ಮೇಲೆ ಸಣ್ಣ ಗಾತ್ರದಲ್ಲಿ ಅಚ್ಚುಮಾಡಿದರೆ ಆ ಸೀಳು ಮಾಯವಾಗಿ, ಲಿಪಿಯಲ್ಲಿ ಮೊದಲೇ ಅಳುಕುಳ್ಳ ವಾಚಕನು ಅಲ್ಲಿಯೇ ಎಡವುವನು. ಆದಕಾರಣ ಕನ್ನಡದ ಮುಖಪುಟದಲ್ಲಿ ಮಾತುಗಳು ಕಡಮೆಯಿರಬೇಕು, ಇದ್ದವು ದೊಡ್ಡವಾಗಿರಬೇಕು, ಚಿತ್ರದ ಶಾಂತವಾದ ಭಾಗದ ಮೇಲೆ ನಿಲ್ಲಬೇಕು. ಹತ್ತು ಕಿರುಶೀರ್ಷಿಕೆಗಳಿಗಿಂತ, ತಿಂಗಳಿನ ಹಾಡೊಂದರ ಹೆಸರನ್ನು ಕೈಬರಹದ ಸೊಗಸಿನಿಂದ ಬರೆಯಿಸಿದರೆ ಹೆಚ್ಚು ಫಲವುಂಟು. ಚಲಚ್ಚಿತ್ರಗಳ ಭಿತ್ತಿಪತ್ರಗಳಲ್ಲಿ ಕಲಾವಿದರು ಕನ್ನಡದ ಅಕ್ಷರವನ್ನು ಚಿತ್ರದಂತೆಯೇ ಬಾಗಿಸಿ, ಬಳಕಿಸಿ ಬರೆದಿರುವರು. ಆ ವಿದ್ಯೆಯನ್ನು ಪತ್ರಿಕೆಯು ಉಪಯೋಗಿಸಿಕೊಳ್ಳಬೇಕು.

ಎರಡನೆಯದಾದ ವಿಷಯಸೂಚಿಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ತರುಣನು ಬರಹಗಳ ಹೆಸರಿಗಿಂತ ಹಾಡುಗಳ ಹೆಸರನ್ನು ಹುಡುಕುವನು. ಸೂಚಿಯು ಹಾಡುಗಳ ಅಕಾರಾದಿಯಾಗಿದ್ದರೆ ಸಾಕು. ಅಕಾರಾದಿಯನ್ನು ಅರಿಯದವನು ಅದರಿಂದಲೇ ಅದನ್ನು ಕಲಿತಾನು.

ಮೂರನೆಯದಾದ ಜೋಡಿಪುಟವೇ ಪತ್ರಿಕೆಯ ಹೃದಯ. ಇಲ್ಲಿ ಇಂಗ್ಲಿಷಿನ ಅಚ್ಚನ್ನು ಅನುಕರಿಸುವುದರಿಂದ ಆಗತಕ್ಕ ಹಾನಿ ಎಲ್ಲಕ್ಕಿಂತ ಹೆಚ್ಚಿನದು. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು ಏತ್ವಗಳು ಮೇಲಕ್ಕೆ ಏರುತ್ತವೆ. ಇಂಗ್ಲಿಷಿಗಾಗಿ ಗೊತ್ತುಮಾಡಿದ ಸಾಲಿನ ಅಂತರವನ್ನೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಯನ್ನು ಮುಟ್ಟುತ್ತದೆ. ಮತ್ತೂ ಕನ್ನಡದ ಪದಗಳು ವಿಭಕ್ತಿ, ಸಂಧಿ, ಸಮಾಸಗಳಿಂದ ಉದ್ದವಾಗುವುವು. ಕಿರಿದಾದ ಅಂಕಣದಲ್ಲಿ ಎರಡು ಕಡೆಯ ಅಂಚನ್ನೂ ಸಮಮಾಡಲು ಹೊರಟರೆ ಪದಗಳ ನಡುವೆ ಹಳ್ಳಗಳು ಬೀಳುವುವು. ಅಗಲವಾದ ಅಂಕಣ, ಸಡಿಲವಾದ ಸಾಲು, ಬಲಗಡೆಯಲ್ಲಿ ಸಮವಲ್ಲದ ಅಂಚು, ಇವು ಕನ್ನಡಕ್ಕೆ ಒಗ್ಗುವ ಕ್ರಮ. ಹಾಡಿಗಂತೂ ಇದೇ ಸಹಜ. ಏಕೆಂದರೆ ಹಾಡಿನ ಸಾಲು ಮುರಿಯಬೇಕಾದುದು ಕಾಗದದ ಅಂಚಿನಲ್ಲಲ್ಲ, ಉಸಿರು ನಿಲ್ಲುವಲ್ಲಿ.

ಹಾಡಿನ ಪುಟದಲ್ಲಿ ಇರಬೇಕಾದುವು ಇವು: ಶುದ್ಧವಾದ ಪಾಠ, ಪಲ್ಲವಿ ಚರಣಗಳ ಸ್ಪಷ್ಟವಾದ ವಿಂಗಡಣೆ, ಬರೆದವರ, ರಾಗ ಸಂಯೋಜಿಸಿದವರ, ಹಾಡಿದವರ ಹೆಸರುಗಳು, ಅವುಗಳಲ್ಲಿ ಬರೆದವರದು ಮೊದಲು, ವರ್ಷ, ಗಿಟಾರು ಹಿಡಿದವರಿಗೆ ಸಾಲಿನ ಮೇಲೆ ಸ್ವರಮೇಳದ ಗುರುತು, ಹಾರ್ಮೋನಿಯಮ್ಮಿನ ಮನೆಗಳಿಗೆ ಮೊದಲ ಸಾಲಿನ ಸ್ವರಲಿಪಿ, ಮತ್ತು ಅಂಚಿನಲ್ಲಿ ಎರಡು ಮೂರು ಕಠಿಣಪದಗಳ ಅರ್ಥ. ಶರೀಫರ ಪದವೊಂದನ್ನು ಮೇಳದ ಅಬ್ಬರದಲ್ಲಿ ಕೇಳಿ ಮೆಚ್ಚಿದ ಹುಡುಗನಿಗೆ ಅದರ ಒಗಟಿನ ಮಾತುಗಳ ಒಳಗನ್ನು ಇಷ್ಟರಿಂದಲೇ ತೆರೆಯಬಹುದು. 'ಮೈಸೂರ ಮಲ್ಲಿಗೆ'ಯ ಹಾಡುಗಳನ್ನು ೧೯೯೨ರ ಚಲಚ್ಚಿತ್ರದ ಮೂಲಕ ಬಲ್ಲವನಿಗೆ, ಅವು ಕೆ. ಎಸ್. ನರಸಿಂಹಸ್ವಾಮಿಗಳ ಕವನಗಳೆಂದೂ ಆ ಹೆಸರಿನ ಸಂಗ್ರಹವು ೧೯೪೨ರಲ್ಲಿಯೇ ಅಚ್ಚಾಯಿತೆಂದೂ ಒಂದು ಸಾಲು ತಿಳಿಸಿದರೆ, ಅವನು ಹಾಡಿನಿಂದ ಪುಸ್ತಕಕ್ಕೆ ನಡೆದುಹೋಗಲು ದಾರಿಯಾದೀತು. ಇಷ್ಟು ಮಾಡಿದರೆ ಪತ್ರಿಕೆಯು ಉಪದೇಶಿಸದೆಯೇ ಬೋಧಿಸಿದಂತಾಗುವುದು.

೫

ರೂಪದಂತೆಯೇ ನುಡಿಯ ಪ್ರಶ್ನೆಯೂ ಇದೆ. ತರುಣರಿಗೆ ಹಿಡಿಸಲೆಂದು ಅವರ ಆಡುಮಾತನ್ನೂ ಇಂಗ್ಲಿಷ್ ಬೆರಕೆಯನ್ನೂ ಸಂಪಾದಕರು ಹೊರಗಿನಿಂದ ಎರವಲು ತಂದು ತುಂಬುವುದುಂಟು. ಇದು ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಂತೆ. ತರುಣರ ಮಾತು ಆರು ತಿಂಗಳಿಗೊಮ್ಮೆ ಬದಲಾಗುವುದು. ಅಚ್ಚಿನ ಅನುಕರಣವು ಯಾವಾಗಲೂ ಒಂದು ಹೆಜ್ಜೆ ಹಿಂದೆ ಉಳಿಯುವುದು. ಆ ಕೃತಕತೆಯನ್ನು ತರುಣರಷ್ಟು ಬೇಗ ಗುರುತಿಸುವವರು ಬೇರಿಲ್ಲ. ಆಡುಮಾತು ಬೇಕೆಂದರೆ ತರುಣರೇ ಬರೆಯಬೇಕು. 'ಪ್ರೇಮಲೋಕ'ದ ಹಾಡುಗಳ ಸಂಭಾಷಣೆಯ ಧಾಟಿ ಗೆದ್ದದ್ದು ಅದು ಆಡುಮಾತೆಂಬ ಒಂದೇ ಕಾರಣದಿಂದಲ್ಲ. ಆಡುಮಾತಿನೊಳಗೇ ಇದ್ದ ಲಯವನ್ನು ಅಲ್ಲಿ ಕಿವಿಗೊಟ್ಟು ಹಿಡಿದುದರಿಂದ.

ಬಣ್ಣ, ಹೊಳಪುಕಾಗದಗಳಿಲ್ಲದೆ ತರುಣರು ಕೊಳ್ಳಲಾರರೆಂಬ ನಂಬಿಕೆಯೂ ಪರೀಕ್ಷೆಗೆ ನಿಲ್ಲತಕ್ಕುದಲ್ಲ. ೧೯೮೦ರ ಜುಲೈ ತಿಂಗಳಿನಲ್ಲಿ ಪ್ರಾರಂಭವಾಗಿ ಬಸವನಗುಡಿಯಿಂದ ನಡೆದ 'ಲಂಕೇಶ್ ಪತ್ರಿಕೆ'ಯು ಕಪ್ಪುಬಿಳುಪಿನದು, ಜಾಹೀರಾತುಗಳಿಲ್ಲದುದು, ಸಾಧಾರಣ ಕಾಗದದ್ದು. ಆದರೂ ಕನ್ನಡನಾಡಿನ ಒಂದು ತಲೆಮಾರಿನ ತರುಣರು ಅದಕ್ಕಾಗಿ ಕಾದು ನಿಂತು ಕೊಂಡರು. ಅಲ್ಲಿ ಅವರನ್ನು ಸೆಳೆದುದು ಪತ್ರಿಕೆಯ ಧ್ವನಿ: ಯಾರಿಗೂ ಅಂಜದೆ, ವಾಚಕನನ್ನು ಎಳೆಯನೆಂದು ಎಣಿಸದೆ ಮಾತನಾಡುವ ಧ್ವನಿ. ಸಂಗೀತಪತ್ರಿಕೆಗೆ ಅಷ್ಟು ಉಗ್ರತೆ ಬೇಕಾಗಿಲ್ಲ. ಆದರೆ ಕೆಟ್ಟ ಹಾಡನ್ನು ಕೆಟ್ಟದೆಂದು, ಕಾರಣಸಹಿತವಾಗಿ ಹೇಳುವ ಧೈರ್ಯ ಬೇಕು. ಧ್ವನಿಮುದ್ರಣ ಸಂಸ್ಥೆಯ ಜಾಹೀರಾತನ್ನು ನಂಬಿ ಬದುಕುವ ಪತ್ರಿಕೆಗೆ ಈ ಧೈರ್ಯ ಬಹುಕಾಲ ಉಳಿಯಲಾರದು. ಆದುದರಿಂದ ಬಣ್ಣವನ್ನು ಕಡಮೆ ಮಾಡಿ ಸ್ವಾತಂತ್ರ್ಯವನ್ನು ಹೆಚ್ಚಿಸಿಕೊಳ್ಳುವುದೇ ಲೇಸು.

೬

ಈ ವಾದಕ್ಕೆ ಮುಖ್ಯವಾದ ಆಕ್ಷೇಪವೊಂದಿದೆ: ಅಚ್ಚಿನ ಸಂಗೀತಪತ್ರಿಕೆಯ ಕಾಲವೇ ಮುಗಿಯಿತಲ್ಲವೆ? 'ಮೆಲೊಡಿ ಮೇಕರ್' ೨೦೦೦ದಲ್ಲಿಯೂ 'ಸ್ಮ್ಯಾಷ್ ಹಿಟ್ಸ್' ೨೦೦೬ರಲ್ಲಿಯೂ ನಿಂತುವು. 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ೨೦೧೮ರಲ್ಲಿ ತನ್ನ ಅಚ್ಚಿನ ವಾರಪತ್ರಿಕೆಯನ್ನು ನಿಲ್ಲಿಸಿತು. ಹಾಡೂ ಅದರ ಸಾಹಿತ್ಯವೂ ಕೈಯಲ್ಲಿರುವ ದೂರವಾಣಿಯಲ್ಲಿಯೇ ದೊರೆಯುವಾಗ ಪತ್ರಿಕೆಯನ್ನು ಕೊಳ್ಳುವವರಾರು?

ಆಕ್ಷೇಪವು ಬಲವುಳ್ಳದ್ದೇ; ಆದರೆ ದೂರವಾಣಿಯಲ್ಲಿ ಏನು ದೊರೆಯುತ್ತದೆಂಬುದನ್ನು ಸೂಕ್ಷ್ಮವಾಗಿ ನೋಡಬೇಕು. ಹಾಡು ದೊರೆಯುತ್ತದೆ, ಬರೆದವರ ಹೆಸರು ಎಷ್ಟೋ ವೇಳೆ ದೊರೆಯುವುದಿಲ್ಲ. ಪಾಠ ದೊರೆಯುತ್ತದೆ, ಆದರೆ ಕಿವಿಗೆ ಕೇಳಿದಂತೆ ಯಾರೋ ಬರೆದಿಟ್ಟ, ಅಲ್ಪಪ್ರಾಣ ಮಹಾಪ್ರಾಣಗಳ ವಿವೇಕವಿಲ್ಲದ ಪಾಠ. ರೋಮನ್ ಲಿಪಿಯಲ್ಲಿಯಂತೂ ಲ ಳ, ನ ಣ, ಹ್ರಸ್ವ ದೀರ್ಘಗಳ ಭೇದವೇ ಅಳಿಸಿಹೋಗಿರುತ್ತದೆ. 'ಹಳ್ಳಿ'ಗೂ 'ಹಲ್ಲಿ'ಗೂ ಅಂತರವಿಲ್ಲದ ಕನ್ನಡವದು. ಆಯ್ಕೆ ಮಾಡಿ, ತಿದ್ದಿ, ಹೆಸರಿಟ್ಟು, ಬೆಲೆಕಟ್ಟಿ ಕೊಡುವ ಕೆಲಸವನ್ನು ಯಂತ್ರವು ಮಾಡಿಲ್ಲ; ಅದು ಸಂಪಾದಕನ ಕೆಲಸ. ಪತ್ರಿಕೆಯು ಅಚ್ಚಿನಲ್ಲಿರಲಿ, ತೆರೆಯ ಮೇಲಿರಲಿ, ಆ ಕೆಲಸ ಉಳಿದೇ ಇದೆ. ಆದರೆ ಅಚ್ಚಿನ ಪುಟವು ಗೋಡೆಗೆ ಅಂಟುತ್ತದೆ, ಗೆಳೆಯರ ಕೈಯಿಂದ ಕೈಗೆ ಹೋಗುತ್ತದೆ, ಅಜ್ಜಿಯ ಕನ್ನಡಕದ ಮುಂದೆಯೂ ನಿಲ್ಲುತ್ತದೆ. ಮೂರು ತಿಂಗಳಿಗೊಮ್ಮೆ ಹೊರಡುವ ಸಣ್ಣ ಸಂಚಿಕೆಯಾದರೂ ಸಾಕು. ಗಾಂಧಿಬಜಾರಿನ, ಸಂಪಿಗೆ ರಸ್ತೆಯ ಅಂಗಡಿಗಳಲ್ಲಿ, ಕಾರ್ತಿಕದ ಕಡಲೆಕಾಯಿ ಪರಿಷೆಯಲ್ಲಿ, ಹಾಡಿನ ಸಭೆಗಳ ಬಾಗಿಲಲ್ಲಿ, ಹಿಂದೆ ಹಾಡಿನ ಪುಸ್ತಕವು ಮಾರಾಟವಾದಂತೆಯೇ ಅದು ಮಾರಾಟವಾಗಬಹುದು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಹಿಂದಿನ ಹಾಡಿನ ಪುಸ್ತಕದ ಕಾಲದಂತೆ ಗೀತೆಗಳನ್ನು ಯಾರನ್ನೂ ಕೇಳದೆ ಅಚ್ಚುಮಾಡುವುದು ಸಲ್ಲದು. ೧೯೫೭ರ ಕೃತಿಸ್ವಾಮ್ಯದ ಕಾನೂನಿಗೆ ೨೦೧೨ರಲ್ಲಿ ಆದ ತಿದ್ದುಪಡಿಯು ಗೀತಕಾರರಿಗೂ ಸಂಗೀತ ಸಂಯೋಜಕರಿಗೂ ಗೌರವಧನದ ಹಕ್ಕನ್ನು ಬಲಪಡಿಸಿತು. ಹಾಡಿನ ಪಾಠವನ್ನೇ ಬಂಡವಾಳವಾಗಿ ಉಳ್ಳ ಪತ್ರಿಕೆಯು ಅದನ್ನು ಬರೆದವನಿಗೆ ಅನುಮತಿಯ ಪತ್ರವನ್ನೂ ಸಂಭಾವನೆಯನ್ನೂ ಕಳುಹಿಸುವುದರಿಂದಲೇ ತನ್ನ ಕೆಲಸವನ್ನು ಪ್ರಾರಂಭಿಸಬೇಕು. ಕವಿಯ ಹೆಸರನ್ನು ಮೊದಲು ಅಚ್ಚುಮಾಡುವ ನಿಯಮಕ್ಕೆ ಅರ್ಥ ಬರುವುದು ಆಗಲೇ.

೭

ಒಟ್ಟಿನಲ್ಲಿ, ತರುಣರಿಗಾಗಿ ಕನ್ನಡದ ಸಂಗೀತಪತ್ರಿಕೆಯನ್ನು ರಚಿಸುವವರು ಪರದೇಶದ ಪುಟವನ್ನು ಎದುರಿಗಿಟ್ಟುಕೊಂಡು ನಕಲು ಮಾಡಬೇಕಾದುದಿಲ್ಲ. ಮಾದರಿಗಳು ಮನೆಯಲ್ಲಿಯೇ ಇವೆ: ಚಿತ್ರಮಂದಿರದ ಬಾಗಿಲ ಹಾಡಿನ ಪುಸ್ತಕದಿಂದ ವಸ್ತು, 'ಕೊರವಂಜಿ'ಯಿಂದ ನಗೆ ಮತ್ತು ರೇಖೆ, 'ಪ್ರಬುದ್ಧ ಕರ್ಣಾಟಕ'ದಿಂದ ತರುಣರ ಬರಹದಲ್ಲಿ ವಿಶ್ವಾಸ, 'ಲಂಕೇಶ್ ಪತ್ರಿಕೆ'ಯಿಂದ ಧ್ವನಿ, ಭಿತ್ತಿಪತ್ರದ ಕಲಾವಿದನಿಂದ ಅಕ್ಷರ. ಇವುಗಳನ್ನು ಕೂಡಿಸಿ, ಕನ್ನಡ ಲಿಪಿಯ ಸ್ವಭಾವಕ್ಕೆ ತಕ್ಕಂತೆ ಸಾಲನ್ನು ಸಡಿಲಿಸಿ, ಹಾಡನ್ನು ಉಸಿರಿಗೆ ತಕ್ಕಂತೆ ಮುರಿದು ಅಚ್ಚುಮಾಡಿದ ಹದಿನಾರು ಪುಟಗಳು ತರುಣರ ಕೈಗೆ ಸೇರಿದರೆ, ಈಗಾಗಲೇ ಕನ್ನಡವನ್ನು ಹಾಡಬಲ್ಲವರು ಅದನ್ನು ಓದಬಲ್ಲವರೂ ಆದಾರು. ಪಂಡಿತರ ಸಭೆಗಳು ಇದನ್ನು ಹುಡುಗಾಟವೆಂದು ತಳ್ಳಿಹಾಕದೆ, ಪಾಠಶುದ್ಧಿಯ ಭಾರವನ್ನಾದರೂ ತಾವು ಹೊರುವುದು ಉಚಿತ. ಶಾಸನಗಳ ಸವೆದ ಅಕ್ಷರಗಳನ್ನು ಓದಿ ಉಳಿಸಿದ ವಿದ್ವತ್ತಿಗೆ, ಜೀವಂತವಾದ ನಾಲಗೆಯ ಮೇಲಿರುವ ಹಾಡಿನ ಅಕ್ಷರವು ಸವೆಯದಂತೆ ಕಾಯುವ ಕೆಲಸವು ಹೊರತಾದುದಲ್ಲ.